ಅಪ್ಪಯ್ಯನ ಕೋವಿ ಇನ್ನೂ ಮನೆಯಲ್ಲೇ ಇದೆ, ತಮ್ಮನ ಹೆಸರಿಗೆ ಮಾಡಿಸಬಹುದಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಹೋಬಳಿ. ಅಪ್ಪಯ್ಯ ತೀರಿಕೊಂಡು ಎಂಟು ತಿಂಗಳಾಯಿತು. ಬೆಳೆ ರಕ್ಷಣೆಗೆ ಅಂತ ಅವರ ಹೆಸರಿನಲ್ಲಿ ಲೈಸೆನ್ಸ್ ಇದ್ದ ಕೇಪಿನ ಕೋವಿ ಒಳಮನೆಯ ಗೋಡೆಯಲ್ಲಿ ಹಾಗೇ ನೇತಾಡುತ್ತಿದೆ. ತೋಟ ನೋಡಿಕೊಳ್ಳುವುದು ತಮ್ಮ. ಮಂಗ, ಹಂದಿ ಕಾಟ ಒಂದು ಕಡೆ, ಎಲೆಚುಕ್ಕಿ ರೋಗ ಬಂದು ಅಡಿಕೆ ಫಸಲೂ ಹೋಯಿತು. ಸಾಲ ಇದೆ. ಈಗ ಅವನು ಯಾರ ಹತ್ತಿರವೂ ಸರಿಯಾಗಿ ಮಾತಾಡುವುದಿಲ್ಲ, ರಾತ್ರಿ ನಿದ್ದೆ ಮಾಡುವುದಿಲ್ಲ ಅಂತ ಅವನ ಹೆಂಡತಿ ಹೇಳುತ್ತಾಳೆ. ಕೋವಿಯನ್ನು ತನ್ನ ಹೆಸರಿಗೆ ಮಾಡಿಸಬೇಕು, ಸಾಧ್ಯವಾದರೆ ಜೋಡಿನಳಿಗೆಯ ತೋಟಾ (ಕಾರ್ಟ್ರಿಜ್) ಕೋವಿಯನ್ನೇ ತಗೊಳ್ಳಬೇಕು ಅನ್ನುವುದು ಅವನ ಆಸೆ. ಕೊಡಗಿನವರಿಗೆ ಲೈಸೆನ್ಸೇ ಬೇಡ, ನಮಗ್ಯಾಕೆ ಇಷ್ಟು ತೊಂದರೆ ಅಂತ ಕೇಳುತ್ತಾನೆ. ನನ್ನ ಮಗಳು ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾಳೆ. ಅಲ್ಲಿನ ಶಾಲೆಗಳಲ್ಲಿ ನಡೆದ ಗುಂಡಿನ ದಾಳಿ ನೋಡಿದವಳು, ಮನೆಯಲ್ಲಿ ಬಂದೂಕೇ ಇರಬಾರದು ಅನ್ನುತ್ತಾಳೆ. ಯಾರ ಮಾತು ಸರಿ? ಆ ಕೋವಿಯನ್ನು ನಾನು ಏನು ಮಾಡಲಿ?
– ಒಬ್ಬ ಶಿಕ್ಷಕಿ, ಶಿವಮೊಗ್ಗ

ಉತ್ತರ: ವಾದ ಆಮೇಲೆ ಇರಲಿ ಮೇಡಂ, ಮೊದಲು ಗೋಡೆಯ ಮೇಲಿರುವ ಕೋವಿಯ ಮಾತು ಮುಗಿಸೋಣ. ಅದು ಈ ವಾರವೇ ಆಗಬೇಕಾದ ಕೆಲಸ.

ಲೈಸೆನ್ಸ್ ಕೊಟ್ಟಿದ್ದು ನಿಮ್ಮ ತಂದೆಯವರಿಗೆ. ಅವರು ತೀರಿಕೊಂಡ ಮೇಲೆ ಅದೇ ಪುಸ್ತಕ ತೋರಿಸಿ ಮನೆಯಲ್ಲಿ ಬೇರೆ ಯಾರೂ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಇಟ್ಟುಕೊಳ್ಳುವ ಹಕ್ಕು ಮುಗಿದ ಆಯುಧವನ್ನು ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಗೆ ಒಪ್ಪಿಸಬೇಕು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಹೆದರಿಸುವುದಕ್ಕೆ ಇದನ್ನು ಹೇಳುತ್ತಿಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಹೀಗೇ ಆಗುತ್ತದೆ. ಯಜಮಾನರು ಹೋಗುತ್ತಾರೆ, ಹದಿಮೂರನೇ ದಿನದ ಕೆಲಸ ಮುಗಿಯುತ್ತದೆ, ಖಾತೆ ಬದಲಾವಣೆಗೆ ಓಡಾಟ ಶುರುವಾಗುತ್ತದೆ, ಕೋವಿಯ ನೆನಪು ಯಾರಿಗೂ ಇರುವುದಿಲ್ಲ. ನೀವಾಗಿಯೇ ಹೋಗಿ ಒಪ್ಪಿಸುವುದಕ್ಕೂ, ಯಾರೋ ಕೊಟ್ಟ ದೂರಿನ ಮೇಲೆ ಪೊಲೀಸರು ಮನೆಗೆ ಬರುವುದಕ್ಕೂ ಬಹಳ ವ್ಯತ್ಯಾಸ ಇದೆ. ಎಂಟು ತಿಂಗಳಾಯಿತಲ್ಲ ಅಂತ ಮುಜುಗರಪಟ್ಟು ಇನ್ನಷ್ಟು ದಿನ ತಳ್ಳಬೇಡಿ.

ಆದರೆ ಕೋವಿಯನ್ನು ಸುಮ್ನೆ ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಬೇಡಿ. ಮೊದಲು ಠಾಣೆಗೆ ಫೋನ್ ಮಾಡಿ. ಹೀಗೀಗೆ, ತಂದೆ ತೀರಿಕೊಂಡಿದ್ದಾರೆ, ಕೋವಿ ಒಪ್ಪಿಸಬೇಕು ಅಂತ ತಿಳಿಸಿ. ಅವರೇ ಬಂದು ತೆಗೆದುಕೊಂಡು ಹೋದರೆ ಒಳ್ಳೆಯದು. ಇನ್ನೊಂದು ಮಾತನ್ನು ದಯವಿಟ್ಟು ಗಮನವಿಟ್ಟು ಓದಿ. ಕೇಪಿನ ಕೋವಿಗೆ ಮದ್ದು, ಚರೆ ಎರಡನ್ನೂ ನಳಿಗೆಯ ಬಾಯಿಂದಲೇ ತುಂಬಿ ಜಡಿಯುತ್ತಾರೆ. ತೋಟಾ ಕೋವಿಯ ಹಾಗೆ ಮಡಚಿ ನೋಡಿದರೆ ಒಳಗೆ ಏನಿದೆ ಅಂತ ಕಾಣುವುದಿಲ್ಲ. ಮದ್ದಿಗೆ ಕಿಡಿ ಕೊಡುವ ಕೇಪು ಹಾಕಿಲ್ಲ ಎಂದ ಮಾತ್ರಕ್ಕೆ ಬಾರು ಮಾಡಿಲ್ಲ, ಅಂದರೆ ಮದ್ದು ತುಂಬಿಲ್ಲ ಎಂದೂ ಅಲ್ಲ. ತಂದೆಯವರು ಕೊನೆಯ ಸಲ ತುಂಬಿಟ್ಟ ಮದ್ದು ಈಗಲೂ ಒಳಗಿರಬಹುದು. ಒಣಗಿದ ಮದ್ದು ವರ್ಷಗಟ್ಟಲೆ ಕೆಡದೆ ಇರುತ್ತದೆ. ಹಾಗಾಗಿ ತೆಗೆದು ನೋಡುವುದು, ಕಡ್ಡಿ ಹಾಕಿ ಕೆದಕುವುದು, ಒಂದು ಈಡು ಹೊಡೆದು ಖಾಲಿ ಮಾಡುವುದು, ಯಾವುದೂ ಬೇಡ. ಬಾರು ಇರಬಹುದು ಅಂತ ಪೊಲೀಸರಿಗೆ ಮೊದಲೇ ಹೇಳಿ. ಡಬ್ಬದಲ್ಲಿ ಉಳಿದ ಮದ್ದು, ಕೇಪು, ಚರೆ ಇದ್ದರೆ ಅದನ್ನೂ ಜೊತೆಗೇ ಒಪ್ಪಿಸಿ. ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣಪತ್ರದ ನಕಲು ಕೊಡಿ. ಕೋವಿಯ ನಂಬರ್, ಲೈಸೆನ್ಸ್ ನಂಬರ್, ತಾರೀಖು ಬರೆದ ರಸೀದಿ ತಗೊಳ್ಳದೆ ಠಾಣೆಯಿಂದ ಬರಬೇಡಿ. ಒಪ್ಪಿಸಿದರೆ ಕೋವಿ ಹೋಯಿತು ಅಂತಲ್ಲ. ನಿಯಮದಲ್ಲಿ ಹೇಳಿದ ಅವಧಿಯೊಳಗೆ ವಾರಸುದಾರರು ಲೈಸೆನ್ಸ್ ಪಡೆದು ವಾಪಸ್ ತರಬಹುದು, ಬೇಡವಾದರೆ ಮಾರಲೂ ಬಹುದು.

ಇನ್ನು ನಿಮ್ಮ ತಮ್ಮನ ವಿಷಯ. ನೀವು ಅದನ್ನು ಪ್ರಶ್ನೆಯ ನಡುವೆ ಒಂದೆರಡು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ಇಡೀ ಪತ್ರದಲ್ಲಿ ಕಣ್ಣು ನಿಂತಿದ್ದು ಅಲ್ಲೇ. ಫಸಲು ಹೋಗಿದೆ, ಸಾಲ ಇದೆ, ತಂದೆ ತೀರಿಕೊಂಡಿದ್ದಾರೆ, ನಿದ್ದೆ ಇಲ್ಲ, ಮಾತು ನಿಂತಿದೆ. ಅದೇ ಮನೆಯಲ್ಲಿ ಬಾರು ಆಗಿದೆಯೋ ಇಲ್ಲವೋ ಗೊತ್ತಿಲ್ಲದ ಒಂದು ಕೋವಿ ಇದೆ. ಕಾನೂನು ಏನೇ ಹೇಳಲಿ, ಈ ಒಂದು ಕಾರಣಕ್ಕೇ ಆ ಕೋವಿ ಸದ್ಯ ಆ ಮನೆಯಲ್ಲಿ ಇರಬಾರದು.

ಸಾಯಬೇಕು ಎನ್ನುವ ಯೋಚನೆ ಬಹಳ ಜನರಲ್ಲಿ ಅಲೆಯ ಹಾಗೆ ಬಂದು ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಎನ್ನುವುದರ ಮೇಲೆ ಜೀವ ಉಳಿಯುತ್ತದೋ ಇಲ್ಲವೋ ನಿಂತಿರುತ್ತದೆ. ಪ್ರಯತ್ನ ಮಾಡಿ ಬದುಕಿ ಉಳಿದವರಲ್ಲಿ ಹತ್ತಕ್ಕೆ ಒಂಬತ್ತು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ ಅಂತ ಅಧ್ಯಯನಗಳು ತೋರಿಸಿವೆ. ಬಂದೂಕು ಆ ಎರಡನೇ ಅವಕಾಶವನ್ನೇ ಕೊಡುವುದಿಲ್ಲ. ಇಸ್ರೇಲ್ ಸೇನೆ 2006ರಲ್ಲಿ ಒಂದು ಸಣ್ಣ ಬದಲಾವಣೆ ಮಾಡಿತು. ವಾರಾಂತ್ಯಕ್ಕೆ ಮನೆಗೆ ಹೋಗುವ ಯುವ ಸೈನಿಕರು ತಮ್ಮ ಬಂದೂಕನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕು ಅಂದಿತು. ಆ ಸೈನಿಕರ ಆತ್ಮಹತ್ಯೆ ಸುಮಾರು 40% ಕಡಿಮೆಯಾಯಿತು. ಶ್ರೀಲಂಕಾದಲ್ಲಿ ಅತ್ಯಂತ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಮೇಲೂ ಹೀಗೇ ಆಯಿತು, ದೇಶದ ಆತ್ಮಹತ್ಯೆ ಪ್ರಮಾಣವೇ ದೊಡ್ಡದಾಗಿ ಇಳಿಯಿತು. ತೋಟದ ಮನೆಯಲ್ಲಿ ಔಷಧಿ ಡಬ್ಬಗಳೂ ಇರುತ್ತವೆ ಅಲ್ವಾ? ಅವಕ್ಕೂ ಬೀಗ ಹಾಕಿ ಕೀಲಿ ಅವರ ಹೆಂಡತಿಯ ಹತ್ತಿರ ಇರಲಿ.

ತಮ್ಮನ ಹತ್ತಿರ ನೀವೇ ಕೂತು ಮಾತಾಡಿ. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ಹೆದರಬೇಡಿ, ಹಾಗೆ ಆಗುವುದಿಲ್ಲ. ಸಾಯುವ ಯೋಚನೆ ಬರುತ್ತಿದೆಯಾ ಅಂತ ಕೇಳಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮನೆಯವರೂ ಫೋನ್ ಮಾಡಿ ಏನು ಮಾಡಬೇಕು ಅಂತ ಕೇಳಬಹುದು. ಶಿವಮೊಗ್ಗದಲ್ಲಿ ಮನೋವೈದ್ಯರಿದ್ದಾರೆ. ನೀವು ಅಲ್ಲೇ ಇರುವುದರಿಂದ ಕರೆಸಿಕೊಂಡು ನಾಲ್ಕು ದಿನ ಇಟ್ಟುಕೊಂಡು ತೋರಿಸಿ.

ಇದರ ನಂತರವೇ ಲೈಸೆನ್ಸ್ ಮಾತು. ಹೌದು, ತಂದೆಯ ಕೋವಿ ಮಗನ ಹೆಸರಿಗೆ ಬರಬಹುದು. 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮ ವಾರಸುದಾರರಿಗೆ ಲೈಸೆನ್ಸ್ ಕೊಡಲು ಅವಕಾಶ ಮಾಡಿದೆ. ನೀವೂ ವಾರಸುದಾರರಾದ್ದರಿಂದ ನಿಮ್ಮ ಒಪ್ಪಿಗೆ ಪತ್ರ ಬೇಕಾಗುತ್ತದೆ. ಅಂದರೆ ಈ ಲೈಸೆನ್ಸ್ ಯಾವಾಗ ಆಗಬೇಕು ಎನ್ನುವುದರಲ್ಲಿ ನಿಮ್ಮ ಮಾತಿಗೂ ಬೆಲೆ ಇದೆ. ತಮ್ಮ ಗೆಲುವಾಗುವವರೆಗೆ ಸಹಿ ಹಾಕಬೇಡಿ, ಯಾಕೆ ಅಂತ ಅವರಿಗೇ ಪ್ರೀತಿಯಿಂದ ಹೇಳಿ. ಅರ್ಜಿಯ ಜೊತೆ ದೈಹಿಕ, ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಬಹಳ ಜನ ಇದನ್ನು ಬರೀ ಒಂದು ಸಹಿ ಎಂದುಕೊಂಡಿದ್ದಾರೆ. ನನ್ನ ಮಟ್ಟಿಗೆ ಇಡೀ ಅರ್ಜಿಯಲ್ಲಿ ಅತ್ಯಂತ ಮುಖ್ಯವಾದ ಕಾಗದ ಅದೇ.

ಉಳಿದದ್ದು ಹೀಗಿದೆ. ಅರ್ಜಿದಾರರಿಗೆ 21 ವರ್ಷ ಆಗಿರಬೇಕು. ಅರ್ಜಿ ಜಿಲ್ಲಾಧಿಕಾರಿಗೆ, ವರದಿ ಪೊಲೀಸರಿಂದ. ಆಯುಧವನ್ನು ಸುರಕ್ಷಿತವಾಗಿ ಬಳಸುವ, ಇಡುವ ತರಬೇತಿ ಆಗಬೇಕು. ಇದಕ್ಕಾಗಿ ನಮ್ಮ ರಾಜ್ಯದ ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಲೈಸೆನ್ಸ್ ಅವಧಿ ಈಗ 5 ವರ್ಷ, ಮೊದಲು 3 ಇತ್ತು. ತೋಟಾ ಕೋವಿ ಬೇಕು ಎನ್ನುವ ಆಸೆಗೆ ಕಾಯ್ದೆಯ 13ನೇ ಸೆಕ್ಷನ್ ನೋಡಿ. ನಿಜವಾಗಿ ಬೆಳೆ ರಕ್ಷಣೆಗೆ ಬೇಕಾದವರಿಗೆ ಬಾಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡಬೇಕು ಅನ್ನುತ್ತದೆ ಅದು. ಆ ಕೋವಿ ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ಕೋವಿ ಕೊಡಬಹುದು. ಬೆಳೆ ಕಾಯುವ ರೈತನಿಗೆ ಇಷ್ಟು ಸ್ಪಷ್ಟವಾಗಿ ಜಾಗ ಕೊಟ್ಟ ಕಾನೂನು ಇದು. ಬಂದೂಕು ಎಂದರೆ ಸರ್ಕಾರ ಅಡ್ಡ ನಿಲ್ಲುತ್ತದೆ ಎಂದಷ್ಟೇ ತಿಳಿದವರು ಈ ಸೆಕ್ಷನ್ ಓದಬೇಕು.

ನಿಮ್ಮ ಹೋಬಳಿಗೆ ಇನ್ನೊಂದು ತೊಡಕಿದೆ. ಸೋಮೇಶ್ವರ ವನ್ಯಜೀವಿಧಾಮ ಆಗುಂಬೆಗೆ ಅಂಟಿಕೊಂಡೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ವನ್ಯಜೀವಿಧಾಮದಿಂದ 10 ಕಿಲೋಮೀಟರ್ ಒಳಗೆ ಹೊಸ ಕೋವಿ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ಈಗಾಗಲೇ ಲೈಸೆನ್ಸ್ ಇರುವವರೂ ಅವರ ಹತ್ತಿರ ನೋಂದಾಯಿಸಬೇಕು. ಶರಾವತಿ ಕಣಿವೆ, ಶೆಟ್ಟಿಹಳ್ಳಿ, ಮೂಕಾಂಬಿಕಾ, ಕುದುರೆಮುಖ, ಭದ್ರಾ ಅಂತ ಎಣಿಸುತ್ತಾ ಹೋದರೆ ಮಲೆನಾಡಿನ ಬಹಳಷ್ಟು ಹಳ್ಳಿಗಳು ಈ 10 ಕಿಲೋಮೀಟರ್ ಒಳಗೇ ಬೀಳುತ್ತವೆ. ಅರ್ಜಿ ಯಾವುದೋ ಮೇಜಿನ ಮೇಲೆ ಕೂತಿದೆ ಅಂತ ರೈತರು ಗೋಳಾಡುವುದಕ್ಕೆ ಇದೂ ಒಂದು ಕಾರಣ.

ಈಗ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ. ಕೋವಿ ಲೈಸೆನ್ಸ್ ಎಂದರೆ ಪ್ರಾಣಿ ಕೊಲ್ಲುವ ಲೈಸೆನ್ಸ್ ಅಲ್ಲವೇ ಅಲ್ಲ. ಎರಡೂ ಬೇರೆ ಬೇರೆ ಕಾಯ್ದೆ. ಲೈಸೆನ್ಸ್ ಇರುವ ಕೋವಿಯಿಂದ, ತನ್ನದೇ ತೋಟದಲ್ಲಿ, ಬಾಳೆ ಕಿತ್ತು ಹಾಕುತ್ತಿದ್ದ ಹಂದಿಗೆ ಅನುಮತಿ ಇಲ್ಲದೆ ಹೊಡೆದರೂ ಅದು ಬೇಟೆಯೇ. ಗಾಯ ಮಾಡಿದರೂ ಬೇಟೆಯೇ. ಕಾಡುಹಂದಿ ಈಗ ವನ್ಯಜೀವಿ ಕಾಯ್ದೆಯ ಎರಡನೇ ಪರಿಚ್ಛೇದದಲ್ಲಿದೆ (ಷೆಡ್ಯೂಲ್). ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಲು 11ನೇ ಸೆಕ್ಷನ್ ಅಡಿ ಅಧಿಕಾರ ಪಡೆದ ಅರಣ್ಯಾಧಿಕಾರಿ ಕಾರಣ ಬರೆದು ಅನುಮತಿ ಕೊಡಬಹುದು. ಮಂಗದ ವಿಷಯ ಇನ್ನೂ ಕಷ್ಟ. ತೋಟಕ್ಕೆ ಬರುವ ಮಾಮೂಲಿ ಕೆಂಪುಮೂತಿ ಮಂಗ 2022ರ ತಿದ್ದುಪಡಿಯಲ್ಲಿ ಮೊದಲನೇ ಪರಿಚ್ಛೇದಕ್ಕೆ ಹೋಗಿದೆ, ಅಂದರೆ ಹುಲಿ, ಆನೆ, ಕಾಡುಕೋಣದ ಸಾಲಿಗೆ. ಅದನ್ನು ಕೊಂದರೆ 3ರಿಂದ 7 ವರ್ಷ ಜೈಲು. ನಿಮ್ಮ ತಮ್ಮನಿಗೆ ಜೋಡಿನಳಿಗೆ ಕೋವಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಮಂಗನ ಮೇಲೆ ಅದರಿಂದ ಮಾಡಬಹುದಾದದ್ದು ಸದ್ದು ಮಾತ್ರ. ಆ ಸದ್ದಿಗೆ ಮಂಗಗಳು ಎಷ್ಟು ಬೇಗ ಒಗ್ಗಿಕೊಳ್ಳುತ್ತವೆ ಅಂತ ತೋಟ ಇರುವವರಿಗೆ ನಾನು ಹೇಳಬೇಕಾಗಿಲ್ಲ.

ನಮ್ಮ ಜಿಲ್ಲೆಯಲ್ಲಿ ಮಂಗನಿಗೆ ಈಡು ಹೊಡೆಯುವುದಕ್ಕೆ ಇನ್ನೊಂದು ಅಪಾಯವೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಬೇಸಿಗೆಗೆ ಬಂದು ಕಾಡುತ್ತದೆ. ಸತ್ತ ಮಂಗದ ಮೈಯಿಂದ ಈ ಕಾಯಿಲೆ ಹರಡುವ ಉಣ್ಣೆಗಳು ಇಳಿದು ಸುತ್ತಲಿನ ದರಗಿನಲ್ಲಿ (ಒಣ ಎಲೆಗಳಲ್ಲಿ) ಸೇರಿಕೊಳ್ಳುತ್ತವೆ. ಯಾರಿಗೂ ಗೊತ್ತಾಗದ ಹಾಗೆ ಮಂಗ ಕೊಂದು ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ಎಸೆಯುವವರು, ಮರುದಿನ ದರಗು ಗುಡಿಸಲು ಹೋಗುವ ಹೆಂಗಸರ ಪ್ರಾಣದ ಜೊತೆ ಆಟವಾಡುತ್ತಾರೆ. ಈ ಮಾತನ್ನು ಊರಿನಲ್ಲಿ ಎಷ್ಟು ಸಲ ಹೇಳಿದರೂ ಜಾಸ್ತಿ ಆಗುವುದಿಲ್ಲ.

ಹಾಗಂತ ಪಿವಿಸಿ ಪೈಪಿಗೆ ಕಾರ್ಬೈಡ್ ಹಾಕಿ ಸದ್ದು ಮಾಡುವ ಮನೆಮದ್ದಿನ ಗನ್ನಿಗೂ ಹೋಗಬೇಡಿ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅದರಿಂದ ಹಲವಾರು ಮಕ್ಕಳ ಕಣ್ಣಿಗೆ ಪೆಟ್ಟಾಯಿತು. ಹಂದಿಗೆ ಐಬೆಕ್ಸ್ (ಸೋಲಾರ್ ವಿದ್ಯುತ್) ಬೇಲಿ ಕೋವಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಳೆ ನಷ್ಟಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಹಾಕುವುದನ್ನೂ ಬಿಡಬೇಡಿ. ಸಿಗುವುದು ಕಡಿಮೆ ಇರಬಹುದು. ಆದರೆ ಯಾವ ಊರಿನಲ್ಲಿ ಎಷ್ಟು ಹಾನಿ ಅಂತ ಸರ್ಕಾರದ ಲೆಕ್ಕಕ್ಕೆ ಬರುವುದು ಆ ಅರ್ಜಿಗಳಿಂದಲೇ.

ಕೊಡಗಿನ ಮಾತಿಗೆ ಬರೋಣ. ತಮ್ಮ ಹೇಳಿದ್ದು ಅರ್ಧ ಸರಿ. ಕೊಡವ ಜನಾಂಗದವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ವಿನಾಯಿತಿ ಇದೆ. ಸ್ವಾತಂತ್ರ್ಯದ ನಂತರ ಅದು ಶಸ್ತ್ರಾಸ್ತ್ರ ಕಾಯ್ದೆಯ 41ನೇ ಸೆಕ್ಷನ್ ಅಡಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ 10 ವರ್ಷ, ಅಂದರೆ 2029ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಆದರೆ ವಿನಾಯಿತಿ ಎಂದರೆ ಯಾರೂ ಕೇಳುವವರಿಲ್ಲ ಎಂದಲ್ಲ. ಅವರೂ ವಿನಾಯಿತಿ ಪ್ರಮಾಣಪತ್ರ ಪಡೆಯಬೇಕು. ವನ್ಯಜೀವಿ ಕಾಯ್ದೆ ಅವರಿಗೂ ಒಂದೇ. ಅಲ್ಲಿ ಕೋವಿ ಹಬ್ಬದ, ಮದುವೆಯ, ಸಾವಿನ ಆಚರಣೆಗಳಲ್ಲಿ ಸೇರಿಹೋಗಿದೆ. ಕೈಲ್‌ಪೊಳ್ದ್ ದಿನ ಆಯುಧ ತೊಳೆದು ಪೂಜೆಗಿಡುತ್ತಾರೆ. ಬಂದೂಕನ್ನು ಹೇಗೆ ಹಿಡಿಯಬೇಕು, ಯಾವಾಗ ಹಿಡಿಯಬಾರದು ಎನ್ನುವ ಶಿಸ್ತು ಮನೆಯ ಹಿರಿಯರಿಂದ ಬಂದದ್ದು. ನಮ್ಮ ಕಡೆ ಕೋವಿ ಬಂದದ್ದು ತೋಟ ಕಾಯಲಿಕ್ಕೆ. ನಮಗೆ ಬೇಕಾಗಿರುವುದು ವಿನಾಯಿತಿ ಅಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ಅರ್ಜಿಗೆ ಹೊತ್ತಿಗೆ ಸರಿಯಾಗಿ ಹೌದು ಅಥವಾ ಇಲ್ಲ ಎನ್ನುವ ಉತ್ತರ ಬೇಕು.

ನಿಮ್ಮ ಮಗಳ ಭಯ ನನಗೆ ಪೂರ್ತಿ ಅರ್ಥವಾಗುತ್ತದೆ. ಅವರು ಇರುವ ರಾಜ್ಯದಲ್ಲೇ ಉವಾಲ್ಡಿ ಇದೆ. 2022ರ ಮೇ 24ರಂದು ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಗುಂಡಿಗೆ ಬಲಿಯಾದರು. ಕೊಂದವನಿಗೆ 18 ವರ್ಷ, ಬಂದೂಕನ್ನು ಅಂಗಡಿಯಲ್ಲಿ ಕಾನೂನುಬದ್ಧವಾಗಿಯೇ ಕೊಂಡಿದ್ದ. ಅದಕ್ಕೂ ಸುಮಾರು ಹತ್ತು ವರ್ಷ ಮೊದಲು, 2012ರ ಡಿಸೆಂಬರ್‌ನಲ್ಲಿ, ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಜನ ದೊಡ್ಡವರು ಸತ್ತಿದ್ದರು. ನೀವು ಶಿಕ್ಷಕಿ, ಆ ತರಗತಿಗಳು ಹೇಗಿದ್ದವು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿ ಬಂದೂಕು ಇಟ್ಟುಕೊಳ್ಳುವುದು ಸಂವಿಧಾನದ ಹಕ್ಕು. 1791ರ ಎರಡನೇ ತಿದ್ದುಪಡಿ ಅದರ ಮೂಲ. ವಾಷಿಂಗ್ಟನ್ ನಗರದಲ್ಲಿ ಕೈಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂಬ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ 2008ರ ಹೆಲ್ಲರ್ ತೀರ್ಪಿನಲ್ಲಿ ರದ್ದು ಮಾಡಿತು. ಮನೆಯ ಬಂದೂಕನ್ನು ಬಿಚ್ಚಿಡಬೇಕು ಅಥವಾ ಕುದುರೆಗೆ (ಟ್ರಿಗರ್‌ಗೆ) ಬೀಗ ಹಾಕಿಡಬೇಕು ಎಂಬ ನಿಯಮವನ್ನೂ ಅದರ ಜೊತೆಗೇ ರದ್ದು ಮಾಡಿತು. ನನಗೆ ಬಹಳ ಬೇಸರ ತಂದ ಭಾಗ ಈ ಎರಡನೆಯದು. ನಮ್ಮಲ್ಲಿ ಹಾಗಿಲ್ಲ. 2023ರ ಫೆಬ್ರವರಿಯಲ್ಲಿ ಉತ್ತರಪ್ರದೇಶದ ಒಂದು ಜಾಮೀನು ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರ ನಮ್ಮ ಸುಪ್ರೀಂ ಕೋರ್ಟ್ ಪೀಠ, ಅಮೆರಿಕದ ಹಾಗೆ ಇಲ್ಲಿ ಬಂದೂಕು ಹೊಂದುವುದು ಮೂಲಭೂತ ಹಕ್ಕಲ್ಲ ಎಂದು ನೆನಪಿಸಿತು. ಲೈಸೆನ್ಸ್ ಇಲ್ಲದ ಬಂದೂಕುಗಳ ಪಿಡುಗಿಗೆ ಏನು ಮಾಡಿದ್ದೀರಿ ಅಂತ ಸರ್ಕಾರವನ್ನೂ ಕೇಳಿತು.

ಸ್ಮಾಲ್ ಆರ್ಮ್ಸ್ ಸರ್ವೆ ಎಂಬ ಅಧ್ಯಯನ ಸಂಸ್ಥೆ 2018ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಅಮೆರಿಕದ ಜನರ ಕೈಯಲ್ಲಿ 39 ಕೋಟಿಗೂ ಹೆಚ್ಚು ಬಂದೂಕುಗಳಿವೆ. ನೂರು ಜನಕ್ಕೆ 120. ಭಾರತದಲ್ಲಿ ಸುಮಾರು 7 ಕೋಟಿ, ನೂರು ಜನಕ್ಕೆ ಐದು ಚಿಲ್ಲರೆ. ಆದರೆ ಆ 7 ಕೋಟಿಯಲ್ಲಿ ಲೆಕ್ಕಕ್ಕೆ ಸಿಕ್ಕಿರುವುದು ಒಂದು ಕೋಟಿಯೂ ಇಲ್ಲ. ನಮ್ಮ ಕಷ್ಟ ಇರುವುದು ಇಲ್ಲಿ. ಅಮೆರಿಕದಲ್ಲಿ ಅಂಗಡಿಯಿಂದ ಬಂದ ಬಂದೂಕಿನದೇ ಚಿಂತೆ, ನಮ್ಮಲ್ಲಿ ಅಂಗಡಿಯನ್ನೇ ಕಾಣದ ನಾಡಕೋವಿಯ ಚಿಂತೆ.

ಇನ್ನೊಂದು ಅಂಕಿಯನ್ನು ಮಗಳ ಜೊತೆ ಹಂಚಿಕೊಳ್ಳಿ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಜನ. ಅದರಲ್ಲಿ ಕೊಲೆಯಾದವರು ಸುಮಾರು 21 ಸಾವಿರ. ಆತ್ಮಹತ್ಯೆ ಮಾಡಿಕೊಂಡವರು 26 ಸಾವಿರಕ್ಕೂ ಜಾಸ್ತಿ. ಟೀವಿಯಲ್ಲಿ ಬರುವುದು ಶಾಲೆ, ಚರ್ಚು, ಮಾರುಕಟ್ಟೆಯ ದಾಳಿಗಳು. ಅರ್ಧಕ್ಕಿಂತ ಹೆಚ್ಚು ಸಾವು ಆಗುವುದು ಮುಚ್ಚಿದ ಬಾಗಿಲ ಹಿಂದೆ, ತಮ್ಮದೇ ಮನೆಯ ಬಂದೂಕಿನಿಂದ. ಅದಕ್ಕೇ ನಿಮ್ಮ ತಮ್ಮನ ಮಾತನ್ನು ಮೊದಲೇ ಎತ್ತಿಕೊಂಡೆ.

ಹಾಗಾದರೆ ಬಂದೂಕೇ ಬೇಡ ಎನ್ನೋಣವಾ? ಆಸ್ಟ್ರೇಲಿಯಾ ಏನು ಮಾಡಿತು ನೋಡಿ. 1996ರ ಏಪ್ರಿಲ್‌ನಲ್ಲಿ ಟಾಸ್ಮೇನಿಯಾದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬ ಮನುಷ್ಯ 35 ಜನರನ್ನು ಕೊಂದ. ಪ್ರಧಾನಿ ಜಾನ್ ಹೊವಾರ್ಡ್ ಕೆಲವೇ ವಾರಗಳಲ್ಲಿ ಎಲ್ಲ ರಾಜ್ಯಗಳನ್ನೂ ಕೂರಿಸಿ ಒಂದು ಒಪ್ಪಂದಕ್ಕೆ ತಂದರು. ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಸರ್ಕಾರ ದುಡ್ಡು ಕೊಟ್ಟು ವಾಪಸ್ ಪಡೆದು ನಾಶ ಮಾಡಿತು. ಆದರೆ ರೈತನ ಬಂದೂಕನ್ನು ಅವರು ಪೂರ್ತಿ ಕಿತ್ತುಕೊಳ್ಳಲಿಲ್ಲ. ಬಂದೂಕು ಯಾಕೆ ಬೇಕು ಅಂತ ಪ್ರತಿಯೊಬ್ಬರೂ ನಿಜವಾದ ಕಾರಣ ತೋರಿಸಬೇಕು ಅಂದರು. ಹೊಲ, ದನ ಕಾಯುವುದು ಒಪ್ಪುವ ಕಾರಣ. ಸ್ವಂತ ರಕ್ಷಣೆಗೆ ಬೇಕು ಎನ್ನುವುದು ಒಪ್ಪುವ ಕಾರಣ ಅಲ್ಲ. ಇಟ್ಟುಕೊಂಡವರು ಬೀಗದಲ್ಲೇ ಇಡಬೇಕು. ಕಾರಣ ಕೇಳುವುದು, ಬೀಗ ಹಾಕಿಸುವುದು, ಈ ಎರಡರಲ್ಲೇ ಕಾನೂನಿನ ಬಹುಪಾಲು ಕೆಲಸ ಇದೆ ಅಂತ ನಾನು ನಂಬಿದ್ದೇನೆ. ಹಾಗಾಗಿ ಮಗಳ ಮಾತಿನಲ್ಲಿ ಸತ್ಯ ಇದೆ, ತಮ್ಮನ ಕಷ್ಟದಲ್ಲೂ ಸತ್ಯ ಇದೆ. ಕೋವಿ ಬೆಳೆ ಕಾಯುವ ಉಪಕರಣವಾಗಿ ತೋಟದ ಮನೆಯಲ್ಲಿ ಇರಬಹುದು. ಬಾರು ಮಾಡಿ ಗೋಡೆಗೆ ತೂಗುಹಾಕಿದ ಕೋವಿ ಮಾತ್ರ ಯಾವ ಮನೆಯಲ್ಲೂ ಇರಬಾರದು.

ಮಲೆನಾಡಿನಲ್ಲಿ ಕೋವಿಯಿಂದ ಸಾವು ಹೇಗೆ ಆಗುತ್ತದೆ ಎನ್ನುವುದು ಇಲ್ಲಿ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ರಾತ್ರಿ ನಾಲ್ಕೈದು ಜನ ಷಿಕಾರಿಗೆ ಹೋಗುತ್ತಾರೆ. ಪೊದೆ ಅಲ್ಲಾಡಿತು, ಹಂದಿ ಅಂತ ಈಡು ಹೊಡೆದರೆ ಬಿದ್ದವನು ಜೊತೆಗೆ ಬಂದ ಗೆಳೆಯ. ಆ ಕೋವಿಗೆ ಲೈಸೆನ್ಸ್ ಇರುವುದಿಲ್ಲ, ಹಾಗಾಗಿ ಪೊಲೀಸರ ಭಯಕ್ಕೆ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದೂ ತಡವಾಗುತ್ತದೆ. ಪ್ರಾಣಿ ಓಡಾಡುವ ದಾರಿಗೆ ತಂತಿ ಬಿಗಿದು ಕೋವಿ ಹೂಡಿಡುವವರೂ ಇದ್ದಾರೆ. ಸೊಪ್ಪಿಗೆ, ಕಟ್ಟಿಗೆಗೆ ಹೋದ ಮನುಷ್ಯನಿಗೆ ಆ ತಂತಿ ಕಾಣುವುದಿಲ್ಲ. ಜಾಗದ ಜಗಳ, ಬೇಲಿಯ ಜಗಳಕ್ಕೆ ಕೋವಿ ಎತ್ತುವುದು ಅಪರೂಪ. ಆದರೆ ಎತ್ತಿದ ದಿನ ಎರಡು ಮನೆ ಹಾಳಾಗುತ್ತವೆ. ಹಾಗಾಗಿ ಪಕ್ಕದ ಮನೆಯವರ ಜೊತೆ ಗಡಿ ತಕರಾರು ಇರುವವರು ಕೋವಿ ಲೈಸೆನ್ಸ್‌ಗೆ ಬಂದರೆ, ಮೊದಲು ಸರ್ವೆ ಮಾಡಿಸಿ ಕಲ್ಲು ಹಾಕಿಸಿ, ಆಮೇಲೆ ಬನ್ನಿ ಅಂತಲೇ ನಾನು ಹೇಳುವುದು.

ಈ ಲೈಸೆನ್ಸ್ ಇಲ್ಲದ ಕೋವಿಗಳು ಹುಟ್ಟುವುದರಲ್ಲಿ ಕಚೇರಿಗಳ ಪಾಲೂ ಇದೆ. ನಿಯಮದ ಪ್ರಕಾರ ಪೊಲೀಸ್ ವರದಿ 30 ದಿನದಲ್ಲಿ ಬರಬೇಕು, ವರದಿ ಬಂದ 60 ದಿನದಲ್ಲಿ ತೀರ್ಮಾನ ಆಗಬೇಕು. ಅದು ಆಗದೆ ಅರ್ಜಿ ವರ್ಷಗಟ್ಟಲೆ ಬಿದ್ದಿದ್ದರೆ, ನೇರ ದಾರಿಯಲ್ಲಿ ಬಂದ ರೈತ ಬೇಸತ್ತು ವಾಪಸ್ ಹೋಗುತ್ತಾನೆ. ಕದ್ದು ಕೋವಿ ಮಾಡಿಕೊಡುವವನಿಗೆ ಅವನೇ ಗಿರಾಕಿ. ಹಾಗೆ ಮಾಡಿಕೊಡುವವನಿಗೆ 2019ರ ತಿದ್ದುಪಡಿ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇಟ್ಟಿದೆ. ಶಿಕ್ಷೆ ಕಠಿಣವಾಗಿದ್ದು ಒಳ್ಳೆಯದೇ. ಕೌಂಟರಿನಲ್ಲಿ ಕೆಲಸವೂ ಅಷ್ಟೇ ಚುರುಕಾಗಬೇಕು. ಅರ್ಜಿ ತಿರಸ್ಕಾರವಾದರೆ ಕಾರಣ ಕೇಳಿ ಬರಹದಲ್ಲಿ ಪಡೆಯಿರಿ, 18ನೇ ಸೆಕ್ಷನ್ ಅಡಿ ಮೇಲ್ಮನವಿಗೆ ಅವಕಾಶ ಇದೆ.

ಚುನಾವಣೆ ಬಂದಾಗ ಕೋವಿ ಠಾಣೆಗೆ ಕೊಡುವ ವಿಷಯವನ್ನೂ ಹೇಳಿಬಿಡುತ್ತೇನೆ, ಮುಂದೆ ನಿಮ್ಮ ತಮ್ಮನಿಗೆ ಬೇಕಾಗುತ್ತದೆ. 2024ರ ಲೋಕಸಭಾ ಚುನಾವಣೆಗೆ ನೀತಿ ಸಂಹಿತೆ ಮಾರ್ಚ್ 16ಕ್ಕೆ ಬಂತು, ಜೂನ್ ಮೊದಲ ವಾರದವರೆಗೆ ಇತ್ತು. ಶಿವಮೊಗ್ಗದಲ್ಲಿ ಮತದಾನ ಮೇ 7ಕ್ಕೆ. ಅಷ್ಟು ದಿನ ತೋಟದಲ್ಲಿ ಕೋವಿ ಇಲ್ಲದಿದ್ದರೆ ರೈತರಿಗೆ ಕಷ್ಟವಾಗುವುದು ನಿಜ. ಆದರೆ ಚುನಾವಣಾ ಆಯೋಗ ಎಲ್ಲರ ಕೋವಿಯನ್ನೂ ಕಣ್ಣು ಮುಚ್ಚಿಕೊಂಡು ತಗೊಳ್ಳಿ ಅಂತ ಹೇಳಿಲ್ಲ. ಜಿಲ್ಲೆಯಲ್ಲಿ ಒಂದು ಪರಿಶೀಲನಾ ಸಮಿತಿ ಕೂತು ಜಾಮೀನಿನ ಮೇಲೆ ಇರುವವರು, ಅಪರಾಧ ಹಿನ್ನೆಲೆಯವರು, ಹಿಂದೆ ಗಲಾಟೆಯಲ್ಲಿ ಇದ್ದವರು ಯಾರು ಅಂತ ನೋಡಿ ತೀರ್ಮಾನಿಸಬೇಕು. ಬೆಳೆ ರಕ್ಷಣೆಯ ಕಾರಣ ಬರೆದು ಆ ಸಮಿತಿಗೆ ವಿನಾಯಿತಿ ಅರ್ಜಿ ಕೊಡಬಹುದು. ಅರ್ಜಿಯನ್ನು ಘೋಷಣೆಯಾದ ವಾರದೊಳಗೆ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ವಿನಾಯಿತಿ ಸಿಗದಿದ್ದರೆ ಮಾತ್ರ ವಾದಕ್ಕೆ ನಿಲ್ಲದೆ ಕೋವಿ ಒಪ್ಪಿಸಿಬಿಡಿ. ಆದೇಶ ಮೀರಿ ಮನೆಯಲ್ಲಿ ಇಟ್ಟುಕೊಂಡವರ ಲೈಸೆನ್ಸ್ ರದ್ದಾದರೆ ಮತ್ತೆ ಮಾಡಿಸುವುದು ಬಹಳ ಕಷ್ಟ.

ಮೊದಲು ಆಗಬೇಕಾದದ್ದು ಠಾಣೆಗೆ ಫೋನ್. ಕೋವಿ ತೆಗೆಯಲು ಪೊಲೀಸರು ಬರುವ ದಿನ ನೀವೇ ಊರಿನಲ್ಲಿ ಇರಿ. ತಮ್ಮನಿಗೆ ಹೇಳದೆ ಮಾಡಬೇಡಿ, ಅವರನ್ನು ಒಬ್ಬರೇ ಬಿಟ್ಟೂ ಮಾಡಬೇಡಿ. ಠಾಣೆಯ ರಸೀದಿಯ ಒಂದು ನಕಲು ಅವರ ಕೈಯಲ್ಲೇ ಇರಲಿ, ಕೋವಿ ಮನೆತನದ್ದೇ ಆಗಿ ಉಳಿದಿದೆ ಅಂತ ಗೊತ್ತಿರಲಿ. ವಾರಸುದಾರರ ಅರ್ಜಿಯ ಕಾಗದಪತ್ರಗಳನ್ನು ಆಮೇಲೆ ಜೊತೆಯಲ್ಲೇ ಕೂತು ತಯಾರು ಮಾಡಬಹುದು. ಅದರಲ್ಲಿ ಏನಾದರೂ ತೊಡಕಾದರೆ ನನಗೆ ಮತ್ತೆ ಬರೆಯಿರಿ.